ಏಳನೇ ನಂಬರ ಖಣಿ

ನೆಗಡಿ ಅಂತ ಹೇಳಿದ್ದೆ. ಸುಳ್ಳು.
ಹುಬ್ಬಿನ ಹಿಂದ ನೀರು ಕುಂತಿತ್ತು,
ತಲಿ ಅಲ್ಲಾಡಿಸಿದ್ರ ಅರ್ಧ ಕೊಡದ ಹಂಗ ತುಳುಕೋದು.

ಅವ್ವ ಹಂಚಿನ ಮ್ಯಾಲ ಅಜವಾನ ಹುರಿದು
ಹಳೇ ಕುಬಸದ ಅರಿವ್ಯಾಗ ಗಂಟು ಕಟ್ಟಿ
ಮೂಗಿನ ಎರಡೂ ಕಡಿ ಒತ್ತಿದಳು.
ಕಣ್ಣಾಗ ನೀರು ಬಂತು. ಬರಬೇಕಾದ ನೀರು ಬರಲಿಲ್ಲ.

ಕೌದಿ ಹೊದ್ದು ಉಗಿ ತಗೊಂಡೆ,
ಬೋಗಾಣಿಯೊಳಗ ಅರಿಶಿಣ, ತುಳಸಿ.
ಕತ್ತಲದಾಗ ನನ್ನುಸಿರು, ಮತ್ತ ಅದೇ ಖಣಿ:
ಹಸರು ನೀರು, ಕಡಿದ ಕಲ್ಲಿನ ಮೆಟ್ಟಿಲು,
ಮ್ಯಾಲಿಂದ ಜಿಗಿದ ನಾನು.

ಹಲೀಮಾ ಖಾಲಾ ಬಂದು ಹೊರಸಿನ ಅಂಚಿಗೆ
ನನ್ನ ಕುತ್ತಿಗಿ ಜೋತು ಬಿಟ್ಟಳು.
"ಎಡಕ್ಕ ಹೊರಳು. ಈಗ ಬಲಕ್ಕ. ಮಾತಾಡಬ್ಯಾಡ."
ಶಹಾಬಾದ ತಲೆಕೆಳಗಾತು:
ಗೋಡಿಗೆ ಒರಗಿಸಿದ ಪರಸಿ,
ಮುಗಿಲಿಗೆ ಬೀಳಲಿಕ್ಕ ಹೊಂಟ ಆಡು.
ಏನೂ ಇಳೀಲಿಲ್ಲ.

ಮೂರನೇ ಸಂಜಿ
ಬಿದ್ದ ರೊಟ್ಟಿ ತುಣುಕು ಎತ್ತಲಿಕ್ಕ ಬಗ್ಗಿದೆ, ಅಷ್ಟೇ.
ಬೆಚ್ಚಗ, ಹೇಳಲಾರದ ಕೇಳಲಾರದ
ಎಳಿಯಾಗಿ ಸುರೀತು ಪರಸಿ ಮ್ಯಾಲ.
ಕಲ್ಲು ಕಪ್ಪಾತು, ಅಂಗೈಯಷ್ಟು.

ಅವ್ವ ಬಯ್ಯಲಿಲ್ಲ.
ಆ ಕಪ್ಪ ನೋಡಿದಳು, ಹಂಚಿನ ರೊಟ್ಟಿ ತಿರುವಿದಳು.
"ಏಳನೇ ನಂಬರ ಖಣಿ," ಅಂದಳು.
"ಅಲ್ಲಿ ಮೂಗು ಹಿಡಕೊಂಡು ಜಿಗೀಬೇಕು."