ಯಾವ ಉಪ್ಪು

ಒಂಬತ್ತನೆಯ ಪ್ರಶ್ನೆ, ಎರಡು ಅಂಕ:
ಸಮುದ್ರದ ನೀರಿನಿಂದ ಉಪ್ಪು ಹೇಗೆ ದೊರೆಯುತ್ತದೆ?
ಮೂವತ್ತೊಂದು ಪತ್ರಿಕೆಯಲ್ಲೂ ಒಂದೇ ವಾಕ್ಯ,
ನಾನೇ ಬೋರ್ಡಿನ ಮೇಲೆ ಬರೆಸಿದ್ದು,
ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ:
'ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ಉಳಿಯುತ್ತದೆ.'
ರೈಟು. ರೈಟು. ರೈಟು.
ಕೆಂಪು ಪೆನ್ನು ತನ್ನಷ್ಟಕ್ಕೆ ಹೋಗುತ್ತಿತ್ತು, ಗಾಣದೆತ್ತಿನ ಹಾಗೆ.

ಮೂವತ್ತೆರಡನೆಯದು ಖಾಲಿ.
ನಾಗವೇಣಿ ತುಳಸು ಆಗೇರ, ಏಳನೆಯ ತರಗತಿ.
ಅಪ್ಪ ಸಾಣಿಕಟ್ಟಾದ ಆಗರದಲ್ಲಿ ಉಪ್ಪು ಎಳೆಯುವವ,
ಅಜ್ಜ ಎಳೆದವ,
ಅಡ್ಡಹೆಸರಲ್ಲೇ ಆಗರ ಹೊತ್ತ ಹುಡುಗಿ
ಉಪ್ಪಿನ ಪ್ರಶ್ನೆಗೆ ಒಂದು ಗೆರೆ ಎಳೆದಿಲ್ಲ.
ಸೊನ್ನೆ ಸುತ್ತಿದೆ. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಕರೆದು ಕೇಳಿದೆ. ಲಂಗದ ಅಂಚು ಹಿಂಡುತ್ತ ನಿಂತಳು.
"ಯಾವ ಉಪ್ಪು ಅಂತ ಹೇಳಿರಲಿಲ್ಲ ಅಕ್ಕೋರೆ."
ಹಿಂದಿನ ಸಾಲಲ್ಲಿ ಪುರುಸು ಹರಿಕಂತ್ರ ಕಿಸಕ್ಕನೆ ನಕ್ಕ.
"ನೀರು ಪೂರ್ತಿ ಆರಿದ್ರೆ ಕಹಿ ಆಗ್ತದೆ. ಅದನ್ನ ಯಾರೂ ತಕಂಬುದಿಲ್ಲ.
ಸ್ವಲ್ಪ ನೀರು ಇರುವಾಗಲೇ ಎಳೀಬೇಕು,
ಉಳಿದ ನೀರು ಹೊರಗೆ ಬಿಡಬೇಕು."
"ಸ್ವಲ್ಪ ಅಂದರೆ ಎಷ್ಟು?"

ಕೇಳಿದ್ದು ನಾನು.
ಹದಿನಾಲ್ಕು ವರ್ಷದ ನೌಕರಿಯಲ್ಲಿ
ಉತ್ತರ ಗೊತ್ತಿಲ್ಲದೆ ಕೇಳಿದ ಮೊದಲ ಪ್ರಶ್ನೆ.
ಮುಂಡರಗಿಯ ಎರೆಮಣ್ಣಿನವಳು ನಾನು,
ಸಮುದ್ರ ಕಂಡದ್ದೇ ನೇಮಕಾತಿ ಪತ್ರ ಕೈಯಲ್ಲಿ ಹಿಡಿದು.

"ಅಪ್ಪನಿಗೆ ಕಾಲಿಗೆ ಗೊತ್ತಾಗ್ತದೆ," ಅಂದಳು.

ಶನಿವಾರ ಬೆಳಿಗ್ಗೆ ಎಲ್ಲರೂ ಆಗರದ ಬದುವಿನ ಮೇಲೆ.
ಬೀರಮ್ಮನ ಮನೆಯ ಕೋಳಿಮೊಟ್ಟೆ, ಟಿಫಿನ್ ಡಬ್ಬದಲ್ಲಿ ಅನ್ನದ ಮೇಲೆ ಕೂತು ಬಂದದ್ದು.
ಹಿನ್ನೀರಿನಲ್ಲಿ ಮುಳುಗಿತು.
ಎರಡನೆಯ ಮಡಿಯಲ್ಲಿ ಮುಳುಗಲೋ ಬೇಡವೋ ಎಂದು ಯೋಚಿಸಿತು.
ಕೊನೆಯ ಮಡಿಯಲ್ಲಿ ತೇಲಿತು,
ಬೆನ್ನು ಎಂಟಾಣೆಯಷ್ಟು ಹೊರಗೆ.
ಕೂಗಾಟ. ಬಕ ಹಾರಿತು.

ಸಾಂದ್ರತೆ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು.
ನುಂಗಿದೆ. ಸುಲಭವಲ್ಲ,
ಮೇಷ್ಟರಿಕೆಯ ಗಂಟಲು ಹೊರಗಿನ ಕಡೆಗೇ ತೆರೆಯುವ ಬಾಗಿಲು.
ಪುರುಸುವೇ ಹೇಳಿದ, ನಕ್ಕವನು:
"ನೀರೇ ಮೊಟ್ಟೆಗಿಂತ ಭಾರ ಆಯ್ತು."
"ಥೂ, ನೀರು ಎಲ್ಲಾದರೂ ಭಾರ ಆಗ್ತದಾ?"
"ಕೊಡ ಹೊತ್ತು ನೋಡು."
"ಕೊಡದ ಭಾರ ಅದು."
"ಹಾಗಾದ್ರೆ ಎರಡು ಕೊಡ ತಾ, ಒಂದರಲ್ಲಿ ಬಾವಿನೀರು."
ತಂದರು. ಹೊತ್ತರು. ಜಗಳವಾಡಿದರು.
ಒಂದು ಕೊಡ ತುಂಬಿರಲಿಲ್ಲ ಎಂದು ಮತ್ತೆ ಮೊದಲಿನಿಂದ.

ಆಮೇಲೆ ಪ್ರಶ್ನೆಗಳು ತಾವೇ ಬಂದವು, ಕರೆಯದ ನೆಂಟರ ಹಾಗೆ:
ಇವತ್ತು ರಾತ್ರಿ ಮಳೆ ಬಂದರೆ ಮೊಟ್ಟೆ ಎಷ್ಟು ಮುಳುಗುತ್ತದೆ?
ಮಳೆನೀರು ಮೇಲೆ ನಿಲ್ಲುತ್ತದಾ, ಬೆರೆಯುತ್ತದಾ?
ಕರಗಿಹೋದ ಉಪ್ಪು ಯಾರ ನಷ್ಟ,
ಮಾಲಕರದೋ, ಎಳೆದವರದೋ?

ಇದನ್ನು ಕೇಳಿದ್ದು ನಾಗವೇಣಿ. ಯಾರೂ ಮಾತಾಡಲಿಲ್ಲ.
ತುಳಸು ಹಲಗೆಯ ಕೋಲಿಗೆ ಗಲ್ಲ ಊರಿ ನಿಂತಿದ್ದ,
ಬಿರುಕುಬಿಟ್ಟ ಹಿಮ್ಮಡಿಯ ತುಂಬ ಬಿಳಿ.
"ಅದನ್ನೂ ಪರೀಕ್ಷೆಯಲ್ಲಿ ಕೇಳ್ತ್ರಾ ಅಕ್ಕೋರೆ?"

ಅಂಕ ಆಗಲೇ ಕಂಪ್ಯೂಟರಿಗೆ ಏರಿತ್ತು,
ಸೊನ್ನೆ ಅಲ್ಲಿ ಸೊನ್ನೆಯೇ.
ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.
ಅದೊಂದು ಹರಳು ಇನ್ನೂ ಒಳಗೆ ಕೊರೆಯುತ್ತಿದೆ.

ವಾರ್ಷಿಕ ಪರೀಕ್ಷೆಗೆ ಮೊನ್ನೆ ಪ್ರಶ್ನೆ ಬರೆದೆ:
ಎಷ್ಟು ನೀರು ಉಳಿದಾಗ ಉಪ್ಪು ಎಳೆಯುವೆ?
ನಿನ್ನ ಕಾರಣ ಬರೆ. ಸ್ನೇಹಿತ ಒಪ್ಪದಿದ್ದರೆ ಅವನದನ್ನೂ ಬರೆ.

"ಮಾದರಿ ಉತ್ತರ ಎಲ್ಲಿ ಬಾಯೋರೆ?" ಎನ್ನುತ್ತಾರೆ ಹೆಡ್ಮಾಸ್ತರು.
ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು
ಕಾಯುತ್ತಿದ್ದಾರೆ.
ಹೊರಗೆ ಮೋಡ ಕಟ್ಟುತ್ತಿದೆ, ಮಾರ್ಚಿಯಲ್ಲಿ,
ಆಗರದ ಕಡೆ ಯಾರೋ ಓಡುತ್ತಿದ್ದಾರೆ.