ಕೂಗದೆ ಕರೆದದ್ದು

ಇಪ್ಪತ್ತಾರು ವರ್ಷದಿಂದ ಮಂಡ್ಯದ ಈ ಕಚೇರಿ ಬಾಗಿಲಲ್ಲಿ
ಹೆಸರು ಕೂಗುವುದು ನನ್ನ ಕೆಲಸ.
ಮೂರು ಸಲ. ಅಪ್ಪನ ಹೆಸರು ಸೇರಿಸಿ, ಊರು ಸೇರಿಸಿ.
ಹೊಂಗೆ ಮರದಡಿ ಟೀ ಕುಡಿಯುವವನಿಗೂ ಕೇಳಬೇಕು,
ಜೆರಾಕ್ಸ್ ಅಂಗಡಿಯ ಕ್ಯೂಗೂ.
ಮನೇಲಿ ಗುಟ್ಟು ಹೇಳೋಕೆ ಬರದ ಗಂಟಲು
ಅಂತ ಹೆಂಡತಿ ಆಡಿಕೊಳ್ಳುತ್ತಾಳೆ.

ಆ ಮಂಗಳವಾರ ಎ.ಸಿ. ಮೇಡಂ ಒಳಗೆ ಕರೆದು
ಪಟ್ಟಿಯ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು.
'ಇದನ್ನ ಕೂಗಬೇಡಿ.'
ಹೆಸರಿರಲಿಲ್ಲ ಅಲ್ಲಿ.
ಹಿರಿಯ ಅರ್ಜಿದಾರ, ಒಂದು ನಂಬರು, ಅಷ್ಟೆ.

ನಂಬರಾದರೇನು, ನನಗೆ ಗೊತ್ತಾಯಿತು.
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತು ಹಂಗಾಮು ಕೂತವರು.
ಮುಳ್ಳು ನಿಲ್ಲುವವರೆಗೆ ಉಸಿರು ಬಿಡದವರು.
ನಮ್ಮಪ್ಪನ ಗಾಡಿಗೆ ಒಮ್ಮೆ ಎಂಟು ಕೆ.ಜಿ. ಜಾಸ್ತಿ ಬರೆದುಬಿಟ್ಟು
ರಾತ್ರಿಯೇ ಸೈಕಲ್ ತುಳಿದು ಬಂದು ಚೀಟಿ ತಿದ್ದಿ ಹೋದರು.
ಅಪ್ಪ ಬೈದ. ಆಮೇಲೆ ಕಾಫಿ ಕೊಟ್ಟ.
ಇಂಥವರ ಹೆಸರು ನಾನು ಕೂಗಿದರೆ
ಅರ್ಧ ಮಂಡ್ಯ ತಿರುಗಿ ನೋಡುತ್ತಿತ್ತು.
ಏಟಿಗಿಂತ ಆ ನೋಟಕ್ಕೆ ಹೆದರಿ
ಎರಡು ವರ್ಷ ಅರ್ಜಿಯನ್ನು
ದಿಂಬಿನ ಗವಸಿನೊಳಗೆ ಇಟ್ಟಿದ್ದರಂತೆ.

ಹತ್ತಿರ ಹೋಗಿ ಭುಜ ಮುಟ್ಟಿದೆ.
ಕೂಗಿದ್ದರೂ ಕೇಳುತ್ತಿರಲಿಲ್ಲ.
ಕಿವಿಯ ಹಿಂದೆ ಮಿಷನ್ ಕೂತು ಕೂತು ಬಿದ್ದ ಗುರುತಿತ್ತು,
ಮಿಷನ್ ಇರಲಿಲ್ಲ.

ಬಾಗಿಲು ಹಾಕಿದೆ. ಕಿಟಕಿ ಹಾಕಿದೆ.
ಅಗಳಿ ಕೂರದ ಸಂದಿಗೆ ಹಳೇ ಪೇಪರ್ ಮಡಿಸಿ ತುರುಕಿದೆ.
ಮೇಡಂ ಮೆಲ್ಲಗೆ ಕೇಳಿದರು, 'ಊಟ ಕೊಡ್ತಾರಾ?'
'ಆಂ?'
'ಊಟ! ಹೊತ್ತಿಗೆ ಸರಿಯಾಗಿ ಊಟ!'
'ಆಂ?'
ಮೂರನೇ ಸಲಕ್ಕೆ ಅರ್ಥವಾಗಿ ಉತ್ತರ ಕೊಟ್ಟರು,
ಕಿವುಡರು ಕೊಡುವ ಹಾಗೆ,
ನಾಲೆಯ ಆಚೆ ದಡಕ್ಕೆ ಕೊಡುವ ಹಾಗೆ.
ಏನಂದರು ಎಂದು ಇಲ್ಲಿ ಬರೆಯುವುದಿಲ್ಲ.
ಹೊರಗೆ ಕಾರಿಡಾರಿನ ಗುಜುಗುಜು
ಥಟ್ಟನೆ ನಿಂತದ್ದು ಮಾತ್ರ ನಮಗೆ ಕೇಳಿಸಿತು.

ಕಾನೂನಿನಲ್ಲಿ ಬೇಕಾದಷ್ಟಿತ್ತು.
ವಕೀಲರಿಲ್ಲದೆ ಬರಬಹುದು.
ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡ ಮನೆ
ನೋಡಿಕೊಳ್ಳದೆ ಹೋದರೆ ವಾಪಸ್ಸು.
ಮುಚ್ಚಿದ ಬಾಗಿಲನ್ನು ಮೇಡಂ ತಾವೇ ಸೇರಿಸಿದ್ದರು.
ಆದರೆ ಗುಟ್ಟನ್ನು ಕಿರುಚಿಯೇ ಹೇಳಬೇಕಾದವನಿಗೆ
ಯಾವ ಬಾಗಿಲು ಸಾಕು?

ಮೇಡಂ ಹಾಳೆ ಎಳೆದು ದೊಡ್ಡಕ್ಷರದಲ್ಲಿ ಬರೆದರು:
ಮಿಷನ್ ಎಲ್ಲಿ?
ಅವರು ಕನ್ನಡಕ ಏರಿಸಿ
ತೂಕದ ಚೀಟಿಯ ಅದೇ ಓರೆ ಅಕ್ಷರದಲ್ಲಿ ಬರೆದರು:
ಮಗಳ ಬೀರು. ಎರಡನೇ ಅರೆ.
ಎಂಟು ತಿಂಗಳು, ಹನ್ನೊಂದು ದಿನ.
ಯಾಕೆ ತೆಗೆದಿಟ್ಟಳು?
ಪೆನ್ನು ತುಂಬ ಹೊತ್ತು ಹಾಳೆಯ ಮೇಲೇ ನಿಂತಿತ್ತು,
ಮುಳ್ಳು ನಿಲ್ಲಲಿ ಎಂದು ಕಾಯುವ ಹಾಗೆ.

ಅವತ್ತಿನ ಮೊದಲ ಆದೇಶ ಮನೆಯದಲ್ಲ, ದುಡ್ಡಿನದಲ್ಲ.
ಖಾಕಿ ತೊಡದ ಒಬ್ಬ ಪೇದೆ
ಊಟದ ಹೊತ್ತಿಗೆ ತಂದುಕೊಟ್ಟ,
ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುರಿಗಡಲೆ ಗಾತ್ರದ್ದು.
ಸೆಲ್ ಸತ್ತಿತ್ತು.
ಗಡಿಯಾರದಂಗಡಿಗೆ ಓಡಿ ನಾನೇ ತಂದೆ,
ನಲವತ್ತು ರೂಪಾಯಿ. ಕೇಳಲಿಲ್ಲ, ಕೊಡಲೂ ಇಲ್ಲ.

ಕಿವಿಗೆ ಸಿಕ್ಕಿಸಿಕೊಂಡು ತಲೆಯೆತ್ತಿ ಫ್ಯಾನು ನೋಡಿದರು.
'ಇಷ್ಟು ಸದ್ದಾ ಇದು?'
ಆಮೇಲೆ ತಮ್ಮದೇ ದನಿ ಕೇಳಿ ಬೆಚ್ಚಿದರು,
ಯಾರದೋ ಮನೆಗೆ ತಪ್ಪಿ ನುಗ್ಗಿದವರ ಹಾಗೆ.
ದನಿ ಇಳಿಸಿದರು. ಇನ್ನೂ ಇಳಿಸಿದರು.
ಮೇಡಂ ಕುರ್ಚಿ ಎಳೆದುಕೊಂಡು ಮುಂದೆ ಬಾಗಿದರು.
ಮುಂದಿನದು ಬಾಗಿಲಿಗೆ ಬೆನ್ನು ಕೊಟ್ಟು
ಒಳಗೇ ನಿಂತಿದ್ದ ನನಗೂ ಕೇಳಿಸಲಿಲ್ಲ.

ಸಂಜೆ ಟೀ ಅಂಗಡಿಯ ಚಿಕ್ಕಬೋರ ಕೇಳಿದ,
'ಯಾರ್ ಕೇಸ್ಲಾ ಅದು, ಬಾಗ್ಲಾಕ್ಕಂಡು?'
'ಯಾವ್ದೋ ಬದುವಿನ ತಕರಾರು' ಅಂದೆ.
ನನ್ನ ಗಂಟಲಲ್ಲಿ ಅಷ್ಟು ಸಣ್ಣ ದನಿ ಇದ್ದದ್ದು
ನನಗೂ ಗೊತ್ತಿರಲಿಲ್ಲ.

ನಿಮಗೂ ಒಂದು ಮಾತು.
ಸಕ್ಕರೆ ಕಾರ್ಖಾನೆ ಅಂದೆನಲ್ಲ, ಅಲ್ಲಿ ಹೋಗಿ ಹುಡುಕಬೇಡಿ.
ಮಗಳು ಮಗಳೇ ಆಗಿರಬೇಕಿಲ್ಲ. ವಾರ ಮಂಗಳವಾರವಲ್ಲ.
ಎಂಟು ಕೆ.ಜಿ. ಮಾತ್ರ ನಿಜ.