ಮಾರ್ಜಿನ್

ಉಪ್ಪಳದ ಬಸ್‌ಸ್ಟ್ಯಾಂಡಿನೆದುರು, ಬೇಕರಿಯ ಮೇಲೆ,
ರಕ್ತ ತೆಗೆಯುವ ಕೋಣೆಗೊಂದು ಕೌಂಟರ್; ಅದರ ಹಿಂದೆ ನಾನು.
ಗೋಡೆಯಲ್ಲಿ ಮೂರು ಭಾಷೆಯ ಬೋರ್ಡು:
ವರದಿಯ ಅರ್ಥವನ್ನು ವೈದ್ಯರಲ್ಲೇ ಕೇಳಿ.
ಅದಕ್ಕೆ ಬೆನ್ನು ಕೊಟ್ಟು ಕೂತು ಹನ್ನೆರಡು ವರ್ಷ.

ನಮ್ಮದಲ್ಲದ ವರದಿಗಳೂ ಇಲ್ಲಿಗೆ ಬರುತ್ತವೆ,
ದೇರಳಕಟ್ಟೆಯಿಂದ, ಪರಿಯಾರದಿಂದ,
ಮೀನಿನ ಚೀಲದ ಪಕ್ಕ, ಇನ್ನೊಂದು ಚೀಲದಲ್ಲಿ.
"ಸ್ವಲ್ಪ ನೋಡಿ ಹೇಳು ಮಾರಾಯ್ತಿ. ಡಾಕ್ಟರು ಹೇಳಿದ್ದಾರೆ,
ನನಗೆ ಕೇಳಿಸಿದ್ದು ಮಾತ್ರ."

ನೆಗೆಟಿವ್ ಎಂದು ಓದಿ ಅಂದುಂಞಿಚ್ಚ
ಮೆಟ್ಟಿಲಲ್ಲೇ ಕುಸಿದಿದ್ದರು.
ಇಲ್ಲ ಎಂಬುದೇ ಇಲ್ಲಿ ಸಿಹಿಸುದ್ದಿ ಎಂದು ತಿಳಿಸಲು
ಒಂದು ಲೋಟ ನೀರು, ಅರ್ಧ ಗಂಟೆ.
ಅನ್‌ರಿಮಾರ್ಕೆಬಲ್ ಎಂದರೆ
ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದೆ, ಮಾಂಕು ಮೇಸ್ತ್ರಿಗಳಿಗೆ.
ಮುಖ ಊದಿಸಿಕೊಂಡರು:
"ಅರುವತ್ತೆಂಟು ವರ್ಷ ದುಡಿದ ಲಿವರು, ಇಷ್ಟೇಯಾ ಮರ್ಯಾದೆ?"
ಪಾಸಿಟಿವ್ ಎಂಬುದಕ್ಕೆ ಮಾತ್ರ ನನ್ನಲ್ಲಿ ತಮಾಷೆ ಇಲ್ಲ.

ವಾರಿಜಕ್ಕ ಬಂದದ್ದು ಮೊನ್ನೆ,
ಒಂದು ಕೈಯನ್ನು ಮೈಗೆ ಒತ್ತಿಕೊಂಡು.
ಉದ್ಯಾವರದ ಮಗ್ಗದವರು. ಎಡದ ಮೊಲೆ ತೆಗೆದು ಇಪ್ಪತ್ತು ದಿನ.
ನಾಲ್ಕು ಪುಟ. ಮೊದಲನೆಯದರಲ್ಲಿ ಅಳೆದಿದ್ದಾರೆ, ತೂಗಿದ್ದಾರೆ,
ಫಾರ್ಮಲಿನ್ನಿನಲ್ಲಿ ಬಂತು ಎಂದಿದ್ದಾರೆ, ಬಣ್ಣ ಬರೆದಿದ್ದಾರೆ.
"ಹೋದದ್ದು ಬಿಡು" ಎಂದರು. "ಉಳಿದದ್ದು ಹೇಳು."

ಮಾರ್ಜಿನ್ ಎಂಬಲ್ಲಿ ಎಡವಿದೆ.
"ಗಡಿ" ಎಂದೆ. "ಗಡಿಯಲ್ಲಿ ಏನೂ ಇಲ್ಲ, ಕ್ಲಿಯರ್."
ಅವರ ಮುಖದಲ್ಲಿ ತಲಪಾಡಿ ಕಂಡಿತು,
ರಸ್ತೆಗೆ ಅಡ್ಡ ಸುರಿದ ಕೆಂಪು ಮಣ್ಣು, ಆಚೆ ಆಸ್ಪತ್ರೆ,
ಈಚೆ ಆಂಬುಲೆನ್ಸಿನಲ್ಲಿ ಅವರ ಭಾವ.
"ಗಡಿಯನ್ನು ನಂಬಲಿಕ್ಕಾಗುವುದಿಲ್ಲ" ಎಂದರು.

ಹಾಗಲ್ಲ ಎಂದು ರಸೀದಿಯ ಹಿಂದೆ
ಒಂದು ಉಂಡೆ ಬರೆದೆ, ಸುತ್ತ ಇನ್ನೊಂದು ಗೆರೆ:
ಇದು ರೋಗ, ಇದು ಕತ್ತಿ ನಡೆದ ದಾರಿ,
ನಡುವೆ ಒಳ್ಳೆಯ ಜಾಗ ನಾಲ್ಕು ಮಿಲ್ಲಿಮೀಟರ್.
ನೋಡಿದರು, ನೋಡಿದರು.
"ಅಂಚು ಅಂತ ಹೇಳಬಾರದಾ?"
ಸೆರಗೆತ್ತಿ ಉಗುರಿನಲ್ಲಿ ಬದಿ ಎಣಿಸಿದರು.
"ನಾಲ್ಕು ಅಂದರೆ ಹನ್ನೊಂದು ಎಳೆ.
ಕೆಂಪು ಒಡಲಿಗೆ ಇಳಿಯದಂತೆ
ನಾವು ಎರಡೇ ಎಳೆಯಲ್ಲಿ ನಿಲ್ಲಿಸುತ್ತೇವೆ.
ಹನ್ನೊಂದು ಧಾರಾಳ."

ನನ್ನ ಹಳೇ ರಿಜಿಸ್ಟರಿನಲ್ಲಿ
ಗಡಿ ಎಂದಿದ್ದುದನ್ನು ಹೊಡೆದುಹಾಕಿದೆ.

ಆಮೇಲೆ ಮೂರನೇ ಪುಟ. ನೋಡ್: ಹದಿನಾಲ್ಕರಲ್ಲಿ ಒಂದು.
ಕೆಳಗೆ ಕಾಸರಗೋಡಿನ ಬಸ್ಸು ಹಾರ್ನ್ ಹೊಡೆಯಿತು, ಹೋಯಿತು.
"ಗಂಟು" ಎಂದೆ.
ಈ ಸಲ ಶಬ್ದ ಸರಿಯಾಗಿಯೇ ಸಿಕ್ಕಿತ್ತು, ಸಿಗಬಾರದಿತ್ತು.
ಹದಿನಾಲ್ಕು ತೆಗೆದಿದ್ದಾರೆ, ಒಂದರಲ್ಲಿ ಉಂಟು.
ಅವರು ನೂಲಿನ ಮಾತು ಆಡಲಿಲ್ಲ.
ಕಾಗದ ಮಡಚಿದರು, ಬಿಚ್ಚಿದರು.
"ಮುಂದೆ ಎಂತ?"

ಅದು ಇದರಲ್ಲಿ ಬರೆದಿಲ್ಲ. ಅಲ್ಲಿಗೆ ಬೋರ್ಡೇ ಸರಿ.
ಡಾಕ್ಟರರಲ್ಲಿ ಕೇಳಬೇಕು ಅಕ್ಕ, ಏನು ಕೇಳಬೇಕೆಂದು ಬರೆದುಕೊಡುತ್ತೇನೆ.
"ಎದುರು ಕೂತರೆ ಮರೆತೇ ಹೋಗ್ತದೆ.
ಅವರು ಮಲಯಾಳಿ."
ದಾಟಿ ಹೋಗುವುದು ಕರ್ನಾಟಕಕ್ಕೆ, ಅಲ್ಲಿ ಡಾಕ್ಟರು ಮಲಯಾಳಿ;
ವಾರಿಜಕ್ಕನಿಗೆ ಓದಲು ಬರುವುದು ಕನ್ನಡ ಅಕ್ಷರ.
ಹಾಗೆ, ಆ ಉಂಡೆ ಆ ಗೆರೆಯ ಕೆಳಗೆ
ಕನ್ನಡದಲ್ಲಿ ಮಲಯಾಳ ಬರೆದೆ:
ಎತ್ರ ವಟ್ಟಂ ವರಣಂ.
ಎಷ್ಟು ಸಲ ಬರಬೇಕು.

ತುಟಿಯಲ್ಲೇ ಒಮ್ಮೆ ಓದಿ ನೋಡಿ
ರಸೀದಿಯನ್ನು ಮತ್ತೆ ನನ್ನತ್ತ ಸರಿಸಿದರು.
"ಇನ್ನೊಂದು ಬರಿ. ಮಗ್ಗಕ್ಕೆ ಯಾವಾಗ ಕೂರಬಹುದು."
ಮಗ್ಗಕ್ಕೆ ಮಲಯಾಳದಲ್ಲಿ ಎಂತ ಹೇಳುವುದೆಂದು
ನನಗೆ ಗೊತ್ತಿರಲಿಲ್ಲ.
ಅವರಿಗೆ ಗೊತ್ತಿತ್ತು.